ಹದಿನಾಲ್ಕು ಕಾಯಿ ಅಗಲದ ಕಿಟಕಿ

ಪೂರ್ವಕ್ಕೆ ಮುಖವಿದ್ದ ಸೈಟನ್ನು ಬಿಟ್ಟುಕೊಟ್ಟು ದಕ್ಷಿಣಕ್ಕೆ ಮುಖವಿದ್ದ ಸೈಟನ್ನು ಕೇಳಿ ಪಡೆದವರು ಶೆಟ್ಟಿಕೆರೆಯ ಹೊಸ ಬಡಾವಣೆಯಲ್ಲಿ ಭೈರಮ್ಮ ಒಬ್ಬಳೇ. ಪಂಚಾಯಿತಿಯಲ್ಲಿ ಚೀಟಿ ಎತ್ತಿದಾಗ ಅವಳಿಗೆ ಪೂರ್ವದ್ದು ಬಂದಿತ್ತು. ದಕ್ಷಿಣದ್ದು ಬಂದ ಬಸವರಾಜಪ್ಪ, ಯಮನ ದಿಕ್ಕು ನನ್ನ ಹಣೆಗೇ ಬರಬೇಕಿತ್ತೇ ಎಂದು ಅರಳಿಕಟ್ಟೆಯ ಮೇಲೆ ತಲೆಗೆ ಕೈ ಕೊಟ್ಟು ಕುಳಿತಿದ್ದ. ಭೈರಮ್ಮ ನೆಟ್ಟಗೆ ಅವನ ಹತ್ತಿರ ಹೋಗಿ, "ನಂದು ನೀನು ತಗೊಳಪ್ಪ, ನಿಂದು ನಂಗೆ ಕೊಡು" ಎಂದಳು.

ಬಸವರಾಜಪ್ಪ ಅವಳ ಮುಖ ನೋಡಲಿಲ್ಲ, ಅವಳ ಗಂಡ ಚಿಕ್ಕರಂಗಯ್ಯನ ಮುಖ ನೋಡಿದ.

"ನನ್ನ ಯಾಕ್ಲಾ ನೋಡ್ತೀಯ?" ಎಂದ ಚಿಕ್ಕರಂಗಯ್ಯ. "ಮೂವತ್ತೆಂಟು ವರ್ಸದಿಂದ ಜೊತೇಲಿವ್ನಿ, ನಂಗೇ ತಿಳಿದಿಲ್ಲ. ಅವ್ಳು ಮನಸು ಬದಲಾಯಿಸೋದ್ರೊಳಗೆ ಹಕ್ಕುಪತ್ರ ಬರುಸ್ಕೊಂಡು ಬುಡು."

ಬಸವರಾಜಪ್ಪ ಅಂದೇ ಬರೆಸಿಕೊಂಡ. ಭೈರಮ್ಮ ಯಾರಿಗೂ ಕಾರಣ ಹೇಳಲಿಲ್ಲ. ಅವಳಿಗೆ ಒಂದು ಕಿಟಕಿ ಬೇಕಾಗಿತ್ತು. ಅದು ದಕ್ಷಿಣಕ್ಕೇ ಇರಬೇಕಾಗಿತ್ತು. ಅದರೊಳಗೆ ಕಾಲು ಮೇಲಿಟ್ಟುಕೊಂಡು, ಬೆನ್ನು ಒರಗಿಸಿ ಕುಳಿತುಕೊಳ್ಳಬೇಕಾಗಿತ್ತು. ಐವತ್ತಾರು ವರ್ಷದ ಹೆಂಗಸಿನ ಜೀವಮಾನದ ಆಸೆ ಇಷ್ಟೇ ಎಂದರೆ ನಂಬುವವರು ಕಡಿಮೆ. ಆದರೆ ಇಷ್ಟೇ.

ಭೈರಮ್ಮ ಹುಟ್ಟಿದ್ದು ಕಂದಿಕೆರೆಯಲ್ಲಿ. ತವರಿನ ಮನೆಗೆ ಇದ್ದದ್ದು ಒಂದು ಬಾಗಿಲು ಮತ್ತು ಹೊಗೆ ಹೋಗಲು ಮಾಡಿನಲ್ಲಿ ಬಿಟ್ಟ ಒಂದು ಗವಾಕ್ಷಿ. ಹದಿನೆಂಟಕ್ಕೆ ಮದುವೆಯಾಗಿ ಶೆಟ್ಟಿಕೆರೆಗೆ ಬಂದಳು. ಅಲ್ಲಿಯ ಮನೆಗೆ ಕಿಟಕಿ ಇತ್ತು, ಅಂಗೈ ಎರಡು ಹಿಡಿದಷ್ಟು. ಅದು ದಾಯಾದಿಯ ಕೊಟ್ಟಿಗೆಯ ಗೋಡೆಗೆ ತೆರೆದುಕೊಂಡಿತ್ತು. ಗಂಡ ಕಾಯಿ ಸುಲಿಯುವವನು. ಎರಡನೆಯ ಮಗುವಿಗೆ ಮೊಲೆ ಬಿಡಿಸಿದ ವರ್ಷ ಅವಳೂ ಬೆಳಗಿನ ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ಸ್ಟೇಷನ್ ರಸ್ತೆಯ ದಂಡಿನ ಮನೆಯಲ್ಲಿ ಕೊಬ್ಬರಿ ಒಡೆಯುವ ಕೆಲಸಕ್ಕೆ ಸೇರಿದಳು. ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ತಟ್ಟಿ ತಟ್ಟಿ ಬಿಡಿಸಬೇಕು; ಒಳಗಿನ ಉಂಡೆಗೆ ಗೀರು ಬೀಳಬಾರದು. ಬಿದ್ದರೆ ಅದು ಉಂಡೆ ಕೊಬ್ಬರಿಯಲ್ಲ, ಚೂರು. ಭೈರಮ್ಮನ ಕೈಯಲ್ಲಿ ಚೂರಾದದ್ದು ಅಪರೂಪ.

ದಂಡಿನ ಮನೆಯಲ್ಲಿ ಯಾವ ದಂಡೂ ಇಳಿದಿರಲಿಲ್ಲ. ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ, ಈ ಕಡೆಗೆ ರೈಲು ಬಂದ ಹೊಸತರಲ್ಲಿ, ಮನೆಯ ಯಜಮಾನರಾದ ಶಂಭುಲಿಂಗಯ್ಯನವರ ಮುತ್ತಾತ ಕೊಬ್ಬರಿ ಮಾರಲು ಬೆಂಗಳೂರಿಗೆ ಹೋಗುತ್ತಿದ್ದರು. ಅಲ್ಲಿಯ ದಂಡಿನ ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಅಂಚಿನಲ್ಲಿ ಇಂಗ್ಲಿಷರ ಮನೆಗಳು ಸಾಲಾಗಿ ಏಳುತ್ತಿದ್ದ ಕಾಲ ಅದು. ಊರಿನ ಗದ್ದಲ ಬೇಡ, ಊರು ದೂರವೂ ಆಗಬಾರದು ಎನ್ನುವ ಸಂಬಳದಾರರ ಮನೆಗಳು. ಮುತ್ತಾತ ನೋಡಿ ಮರುಳಾದರು. ಒಬ್ಬ ನಕ್ಷೆಗಾರನನ್ನು ಹಿಡಿದು ಅಂಥದೊಂದು ಮನೆಯ ನಕ್ಷೆಯನ್ನು ನಕಲು ಮಾಡಿಸಿ ತಂದು, ಗೆರೆ ತಪ್ಪದಂತೆ ತಿಪಟೂರಿನಲ್ಲಿ ಕಟ್ಟಿಸಿದರು; ಊರವರು ಅದನ್ನು ದಂಡಿನ ಮನೆ ಎಂದರು.

ಕಡಿದಾದ ಹೆಂಚಿನ ಮಾಡು. ಮಾಡಿನ ಮುಂದಿನ ತ್ರಿಕೋನದಲ್ಲಿ ಗಾರೆಯಲ್ಲಿ ಮೂಡಿಸಿದ ಇಸವಿ, ೧೮೯೭. ಕಿಟಕಿಗಳ ನೆತ್ತಿಗೆ ಸಣ್ಣ ಸಣ್ಣ ಮರದ ಪಟ್ಟಿಗಳ ಟೋಪಿ. ನೆಲಕ್ಕೆ ಬಣ್ಣದ ಬಿಲ್ಲೆ. ಒಳಗೆ ತೊಟ್ಟಿಯಿಲ್ಲ, ನಡುಮನೆಯಿಲ್ಲ. ಉದ್ದಕ್ಕೆ ಒಂದು ಓಣಿ, ಅದರ ಎರಡೂ ಕಡೆ ಬಾಗಿಲು ಹಾಕಿಕೊಂಡ ಕೋಣೆಗಳು. ಬಂದವರನ್ನು ಕೂರಿಸಲು ಒಂದು, ಉಣ್ಣಲು ಒಂದು, ಓದಲು ಒಂದು. ನಮ್ಮ ಮನೆಗಳಲ್ಲಿ ಒಂದೇ ಜಾಗದಲ್ಲಿ ಉಂಡು, ಮಲಗಿ, ಹೆತ್ತು, ಸತ್ತರೂ ಕೊರತೆ ಕಾಣದ ಕಾಲದಲ್ಲಿ ಇದೆಲ್ಲ ದೊಡ್ಡ ಬೆರಗು. ಮುಂದಿನ ಕೋಣೆಯ ಗೋಡೆಯೊಳಗೆ ಚಳಿ ಕಾಯಿಸುವ ಒಲೆ ಇತ್ತು, ಮತ್ತು ಆ ಕೋಣೆ ದಕ್ಷಿಣಕ್ಕೆ ಮೂರು ಮುಖ ಮಾಡಿಕೊಂಡು ಹೊರಗೆ ಉಬ್ಬಿತ್ತು. ನಡುವೆ ಒಂದು ಅಗಲದ ಕಿಟಕಿ, ಎಡಬಲಕ್ಕೆ ಓರೆಯಾಗಿ ಎರಡು. ಮೂರರ ಮಡಿಲಿನಲ್ಲಿ ಕೂರಲು ಒಂದು ಹಲಗೆ.

ನಕ್ಷೆ ಬಿಸಿಲಿಗಾಗಿ ಬಾಯಿ ಬಿಡುವ ದೇಶದ್ದು. ಅಲ್ಲಿ ದಕ್ಷಿಣದ ಸೂರ್ಯನನ್ನು ಮನೆಯೊಳಗೆ ಕರೆದು ಕೂರಿಸುವುದೇ ಜಾಣತನ. ತಿಪಟೂರಿನಲ್ಲಿ ಕರೆಯಬೇಕಾಗಿಲ್ಲ. ಕಾರ್ತೀಕದಿಂದ ಶಿವರಾತ್ರಿಯವರೆಗೆ ಮೂರೂ ಮುಖದಿಂದ ಬಿಸಿಲು ನುಗ್ಗಿ, ಬಂದ ನೆಂಟರು ಕೋಟಿನೊಳಗೆ ಬೆಂದರು. ಮುತ್ತಾತನ ಹೆಂಡತಿ ಒಂದು ವರ್ಷ ನೋಡಿದರು. ಎರಡನೆಯ ವರ್ಷ, ಹಸಿ ಉಳಿದಿದ್ದ ಒಂದಿಷ್ಟು ಕೊಬ್ಬರಿಯನ್ನು ಆ ಹಲಗೆಯ ಮೇಲೆ ಹರಡಿಸಿದರು. ಎರಡೇ ದಿನಕ್ಕೆ ಒಣಗಿತು. ಅಂದಿನಿಂದ ನೆಂಟರು ಜಗಲಿಗೆ, ಕೊಬ್ಬರಿ ದಿವಾನಖಾನೆಗೆ. ಕೋಣೆಯ ಮೇಲೆ ಅಟ್ಟ ಬಂತು. ಒಲೆಯ ಹೊಗೆಗೂಡನ್ನು ಒಡೆದು ಅಟ್ಟಕ್ಕೆ ತಿರುಗಿಸಿದರು. ಮಳೆಗಾಲದಲ್ಲಿ ಕೆಳಗೆ ಚಿಪ್ಪು ಉರಿಸಿದರೆ ಮೇಲೆ ಕಾಯಿಗೆ ಶಾಖ. ಇಂಗ್ಲಿಷಿನವನು ಯಾವುದಕ್ಕೆ ಮಾಡಿದನೋ, ಅದು ಕೊಬ್ಬರಿಗೆ ಒದಗಿತು.

ಭೈರಮ್ಮ ಮೂವತ್ತೊಂದು ವರ್ಷ ಕುಳಿತದ್ದು ಆ ಕೋಣೆಯಲ್ಲಿ, ಆ ಹಲಗೆಯ ಕೆಳಗೆ, ನೆಲದ ಮೇಲೆ. ಕೆಲಸದ ಕ್ರಮ ಹೀಗೆ. ಸುಲಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಕಳಚಿ ಲೊಟಲೊಟ ಎಂದರೆ ಹಲಗೆಯ ಮೇಲೆ ಸಾಲಾಗಿ ಇಡಬೇಕು. ಸದ್ದಿಲ್ಲದ್ದು ಮತ್ತೆ ಅಟ್ಟಕ್ಕೆ. ಇಡುವಾಗ ಎದ್ದು ನಿಲ್ಲಬೇಕು. ನಿಂತ ಆ ಒಂದು ಗಳಿಗೆಯಲ್ಲಿ ಎಡಕ್ಕೆ ಸ್ಟೇಷನ್ನಿನ ಕಡೆಯ ರಸ್ತೆ, ಬಲಕ್ಕೆ ಮಾರುಕಟ್ಟೆಯ ಕಡೆಯ ರಸ್ತೆ, ಎರಡೂ ಒಟ್ಟಿಗೆ ಕಾಣುತ್ತಿದ್ದವು, ಕತ್ತು ತಿರುಗಿಸುವ ಕೆಲಸವಿಲ್ಲ. ಕುಳಿತರೆ ಮುಗಿಯಿತು. ಕುಳಿತಲ್ಲಿಗೆ ಕಾಣುವುದು ಆಕಾಶ, ಒಂದು ತೆಂಗಿನ ತಲೆ, ಲಾರಿ ಹೋದರೆ ಅದರ ಮೇಲಿನ ಟಾರ್ಪಾಲು. ಎಡದ ಗಾಜಿನಲ್ಲಿ ಯಾರೋ ಕೆಂಪು ಸೀರೆಯವಳು ಬರುತ್ತಿರುತ್ತಾಳೆ. ಭೈರಮ್ಮ ಕಾಯಿ ಇಟ್ಟು ಕೂರಬೇಕು. ಮುಂದಿನ ಕಾಯಿ ಇಡಲು ಏಳುವಷ್ಟರಲ್ಲಿ ಆ ಸೀರೆ ಬಲದ ಗಾಜನ್ನೂ ದಾಟಿರುತ್ತದೆ. ನಡುವೆ ಅವಳು ನಕ್ಕಳೋ, ಎಡವಿದಳೋ, ಯಾರನ್ನು ಮಾತಾಡಿಸಿದಳೋ! ಮೂವತ್ತೊಂದು ವರ್ಷ ಭೈರಮ್ಮ ರಸ್ತೆಯನ್ನು ನೋಡಿದ್ದು ಹೀಗೆ, ತುಂಡು ತುಂಡಾಗಿ.

ಹಲಗೆ ಖಾಲಿಯಿದ್ದಾಗ ಕೂರಬಾರದಿತ್ತೇ ಎಂದು ಕೇಳಬಹುದು. ಕೂರುವ ಹಾಗಿರಲಿಲ್ಲ. ಸೇರಿದ ಮೊದಲ ವಾರವೇ ಅವಳು ಬುತ್ತಿ ಬಿಚ್ಚಲು ಅದರ ಮೇಲೆ ಅರ್ಧ ಕುಳಿತದ್ದನ್ನು ಯಜಮಾನಿ ಸಿದ್ದಗಂಗಮ್ಮ ನೋಡಿದ್ದರು.

"ಏಳೇ ಮೇಲೆ. ಕಾಯಿ ಇಡೋ ಜಾಗದಲ್ಲಿ ಕುಂಡಿ ಊರ್ತಾರೇನೇ? ನಾಳೆ ಅದೇ ಕೊಬ್ಬರಿ ದೇವರ ಮುಂದೆ ಹೋಗ್ತದೆ."

"ತಪ್ಪಾಯ್ತು, ಅಮ್ಮಾವ್ರೆ."

"ನಾನೂ ಕೂತಿಲ್ಲ ಕಣೇ," ಎಂದರು ಸಿದ್ದಗಂಗಮ್ಮ, ಸ್ವಲ್ಪ ಇಳಿದ ದನಿಯಲ್ಲಿ. "ಈ ಮನೆ ಸೇರಿ ಇಪ್ಪತ್ತು ವರ್ಷ. ನಮ್ಮತ್ತೆನೂ ಕೂತಿದ್ದು ಕಾಣೆ."

ಅದು ನಿಜ. ಜನ ಕೂರಲೆಂದೇ ಮಾಡಿದ ಜಾಗದಲ್ಲಿ ನೂರು ವರ್ಷಕ್ಕೂ ಮೇಲೆ ಒಬ್ಬರೂ ಕೂರಲಿಲ್ಲ. ಕಾಯಿ ಕೂತಿತು.

ಭೈರಮ್ಮ ಆ ಹಲಗೆಯನ್ನು ಅಡಿ ಇಂಚಿನಲ್ಲಿ ಅಳೆದವಳಲ್ಲ. ಅಗಲಕ್ಕೆ ಹದಿನಾಲ್ಕು ಕಾಯಿ, ಒಳಕ್ಕೆ ಐದು. ಸೇರಿದ ಮೊದಲ ವರ್ಷಗಳಲ್ಲಿ ದಿನಕ್ಕೆ ಹತ್ತು ಸಲ ಇಟ್ಟು ತೆಗೆದ ಲೆಕ್ಕ; ಮಕ್ಕಳ ಹೆಸರಿನಷ್ಟೇ ಗಟ್ಟಿಯಾಗಿ ನೆನಪಿತ್ತು. ಮುಂದೆ ಸಾಲಾಗಿ ಇಡುವ ತಾಳ್ಮೆ ಎಲ್ಲರಿಗೂ ಹೋಯಿತು. ಕಾಯಿಯನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ತಂದು ಹಲಗೆಯ ಮೇಲೆ ಸುರಿಯುವುದು ರೂಢಿಯಾಯಿತು. ಹದಿನಾಲ್ಕು ಮತ್ತು ಐದು ಮಾತ್ರ ಅವಳ ತಲೆಯಲ್ಲಿ ಉಳಿದವು.

ನಾಲ್ಕು ವರ್ಷದ ಹಿಂದೆ ದಂಡಿನ ಮನೆಯನ್ನು ಕೆಡವಿದರು. ಮಾಡು ಸೋರುತ್ತಿತ್ತು, ತೊಲೆಗಳಿಗೆ ಗೆದ್ದಲು ಹತ್ತಿತ್ತು, ರಿಪೇರಿ ಮಾಡುವ ಬಡಗಿಗಳು ಸಿಗುತ್ತಿರಲಿಲ್ಲ. ಶಂಭುಲಿಂಗಯ್ಯನವರು ಪಕ್ಕದ ಬೀದಿಯಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದರು. ಕೊಬ್ಬರಿಯ ಕೆಲಸ ಊರಾಚೆ ತಗಡಿನ ಗೋಡೌನಿಗೆ ಹೋಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಮನೆಗಳಿಗೂ ಆಯಸ್ಸು ಇರುತ್ತದೆ. ಭೈರಮ್ಮ ಬಸ್ಸಿಳಿದು ಅತ್ತ ಹೋದ ದಿನ ಮಾಡು ಇರಲಿಲ್ಲ, ಮೂರು ಮುಖದ ಗೋಡೆ ಮಾತ್ರ ಇತ್ತು. ಚೌಕಟ್ಟು ಕಿತ್ತ ಮೂರು ತೂತುಗಳಲ್ಲಿ ರಸ್ತೆ ಕಾಣುತ್ತಿತ್ತು. ಹಲಗೆಯನ್ನು ಹಳೇ ಮರದ ವ್ಯಾಪಾರಿ ಅದಾಗಲೇ ಟೆಂಪೋಗೆ ಏರಿಸಿದ್ದ. ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗೋಡೌನಿಗೆ ನಡೆದಳು, ಹಾಜರಿ ತಪ್ಪಿಸಲಿಲ್ಲ.

ಮನೆ ಕಟ್ಟಲು ಬಂದ ಮೇಸ್ತ್ರಿ ತಿಪಟೂರಿನ ರಹಮತುಲ್ಲಾ. ಅರವತ್ತು ದಾಟಿದ ಮನುಷ್ಯ, ಕೈ ಶುದ್ಧ, ಬಾಯಿ ಚುರುಕು. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಿಲಲ್ಲಿ ಬಚ್ಚಲು ಎಂದು ಪಾಯಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದಾಗ ಭೈರಮ್ಮ ಬಾಯಿ ಬಿಟ್ಟಳು.

"ಸಾಬ್ರೆ, ಮುಂದ್ಗಡೆ ಗ್ವಾಡೆ ಹಿಂಗೆ ನೆಟ್ಟಗೆ ಬ್ಯಾಡ. ಇಲ್ಲಿ ಹೊರಿಕ್ಕೆ ಬರ್ಬೇಕು. ಮೂರು ಮೊಕ."

"ಮೂರು ಮುಖನಾ?" ಎಂದು ರಹಮತುಲ್ಲಾ ಸುಣ್ಣದ ಡಬ್ಬಿ ಕೆಳಗಿಟ್ಟ. "ಭೈರಕ್ಕ, ಮನೆ ಕಟ್ಟಿಸ್ತಿದೀಯೋ ದತ್ತಾತ್ರೇಯನ್ನ ಕೂರಿಸ್ತಿದೀಯೋ?"

"ದಂಡಿನ ಮನೇಲಿತ್ತಲ್ಲ, ಅಂಥದು."

"ಅದು ಗೊತ್ತು. ಹೊರಗಿಂದ ನೋಡಿದೀನಿ. ಅಂಥ ಬಂಗ್ಲೆಗೆ ಅದು ಮೂಗುತಿ ಇದ್ದಂಗಿತ್ತು ಕಣಕ್ಕ. ಈ ಮನೆಗೆ ಮೂಗೇ ದೊಡ್ಡದಾಯ್ತದೆ."

"ಆಗ್ಲಿ ಬುಡಿ. ಉಸ್ರಾಡಕ್ಕೆ ಚೆನ್ನಾಗಿರ್ತದೆ."

ಚಿಕ್ಕರಂಗಯ್ಯ ಬೀಡಿ ಹಚ್ಚುತ್ತ, "ನೋಡಿ ಸಾಬ್ರೆ, ದಕ್ಷಿಣದ ಸೈಟು ಯಾಕೆ ಅಂತ ಇವತ್ತು ನಂಗೂ ಗೊತ್ತಾಯ್ತು" ಎಂದ. "ಯಮ ಬಂದ್ರೆ ದೂರದಿಂದ್ಲೇ ಕಾಣ್ಲಿ ಅಂತ."

"ನಿನ್ನ ಕರ್ಕೊಂಡೋಗಕ್ಕೆ ಬಂದ್ರೆ ಬಾಗ್ಲು ನಾನೇ ತೆಗೀತೀನಿ, ಸುಮ್ಕಿರು."

ರಹಮತುಲ್ಲಾ ನಕ್ಕು, ಅಳತೆ ಎಷ್ಟು ಎಂದು ಕೇಳಿದ. ಭೈರಮ್ಮ ಹೇಳಿದಳು. ಹದಿನಾಲ್ಕು ಕಾಯಿ ಅಗಲ, ಐದು ಕಾಯಿ ಒಳಕ್ಕೆ. ತಿಪಟೂರಿನ ಮೇಸ್ತ್ರಿಗೆ ಇದು ವಿಚಿತ್ರವೆನಿಸಲಿಲ್ಲ. ಅಟ್ಟದ ಅಳತೆಯನ್ನು ಎಷ್ಟು ಸಾವಿರ ಕಾಯಿ ಹಿಡಿಯುತ್ತದೆ ಎಂದು ಕೇಳಿಯೇ ಅವನು ಎಷ್ಟೋ ಮನೆ ಕಟ್ಟಿದ್ದ. ಚಿಕ್ಕರಂಗಯ್ಯ ಸುಲಿದ ಕಾಯಿಗಳ ಒಂದು ಚೀಲ ತಂದು ಸುರಿದ. ಮರಳಿನ ಮೇಲೆ ಹದಿನಾಲ್ಕನ್ನು ಸಾಲಾಗಿ ಇಟ್ಟು ರಹಮತುಲ್ಲಾ ಟೇಪು ಹಿಡಿದ. ನಾಲ್ಕು ಅಡಿ ಒಂದು ಇಂಚು. ಐದನ್ನು ಅಡ್ಡ ಇಟ್ಟ. ಹದಿನೇಳೂವರೆ ಇಂಚು. ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಒಂದು ಸಿಮೆಂಟು ಚೀಲದ ಚೂರಿನ ಮೇಲೆ ಬರೆದುಕೊಂಡ. ಮೂವರಲ್ಲಿ ಒಬ್ಬರಿಗೂ ಏನೂ ಅನಿಸಲಿಲ್ಲ.

ಗೋಡೆ ಎದ್ದವು. ಭೈರಮ್ಮ ಗೋಡೌನಿನಿಂದ ಸಂಜೆ ಬಸ್ಸಿಳಿದು ನೇರ ಸೈಟಿಗೆ ಬರುತ್ತಿದ್ದಳು. ಇಟ್ಟಿಗೆಗೆ ನೀರು ಹಾಕುತ್ತ ಆ ಉಬ್ಬನ್ನು ಹೊರಗಿನಿಂದ ನೋಡುತ್ತಿದ್ದಳು. ಬಣ್ಣದ ಗಾಜು ಹಾಕಿಸೋಣವೇ ಎಂದು ರಹಮತುಲ್ಲಾ ಕೇಳಿದಾಗ ಬೇಡವೆಂದಳು. ಬಣ್ಣ ನೋಡಲು ಅಡ್ಡ. ತಾರಸಿಗೆ ಮೋಲ್ಡು ಹಾಕಿದ ಮೇಲೆ ಮೂರು ವಾರ ಒಳಗೆಲ್ಲ ಸೆಂಟ್ರಿಂಗಿನ ಕಂಬಗಳೇ. ಕಾಲಿಡಲು ಜಾಗವಿಲ್ಲ. ಆ ಮೂರು ವಾರದೊಳಗೆ ಒಂದು ದಿನ ಗೋಡೌನಿನಲ್ಲಿ ಅವಳ ಕೈಯಲ್ಲಿ ಎರಡು ಉಂಡೆ ಚೂರಾದವು.

ಕಂಬ ತೆಗೆದ ಭಾನುವಾರ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು ಬಂದಳು. ಗೃಹಪ್ರವೇಶಕ್ಕೆ ಹನ್ನೆರಡು ದಿನ ಉಳಿದಿತ್ತು. ರಹಮತುಲ್ಲಾ ನೆಲ ಸಮ ಮಾಡಿಸುತ್ತಿದ್ದ, ಚಿಕ್ಕರಂಗಯ್ಯ ಹೊಸ್ತಿಲ ಮೇಲೆ ಕುಳಿತಿದ್ದ. ಅವಳು ಸೆರಗಿನಿಂದ ಉಬ್ಬಿನೊಳಗಿನ ಹೊಸ ಕಟ್ಟೆಯನ್ನು ಒರೆಸಿ, ಹತ್ತಿ ಕುಳಿತು, ಬೆನ್ನನ್ನು ಒಂದು ಕಡೆಗೆ ಒರಗಿಸಿ ಕಾಲು ಎತ್ತಿದಳು.

ಕಾಲು ಹಿಡಿಯಲಿಲ್ಲ. ಎರಡು ಓರೆ ಗೋಡೆಗಳ ನಡುವೆ ಮೊಣಕಾಲು ಎದೆಗೆ ಬಂತು, ಪಾದ ಎದುರಿನ ಗೋಡೆಗೆ ತಾಗಿತು, ಸೊಂಟದ ಅರ್ಧ ಕಟ್ಟೆಯಿಂದ ಹೊರಗೆ ಉಳಿಯಿತು. ಜಾರಿ ಇಳಿದಳು. ಇನ್ನೊಂದು ಕಡೆಗೆ ತಿರುಗಿ ಹತ್ತಿದಳು. ಅದೂ ಅಷ್ಟೇ. ಕಡೆಗೆ ಕಾಲು ಕೆಳಗೆ ಬಿಟ್ಟು ಕುಳಿತಳು. ಆಗ ಕುಳಿತುಕೊಳ್ಳಲು ಆಯಿತು, ಆದರೆ ಮುಖ ಮನೆಯೊಳಗೆ, ಬೆನ್ನು ರಸ್ತೆಗೆ.

"ಹೆಣ್ಣು ನೋಡಕ್ಕೆ ಬಂದವ್ರ ಮುಂದೆ ಕೂತಂಗೆ ಕೂತ್ಯಲ್ಲೇ," ಎಂದ ಚಿಕ್ಕರಂಗಯ್ಯ. ಅವಳು ನಗಲಿಲ್ಲ.

"ಹದಿನಾಲ್ಕು ಹಿಡೀತಿತ್ತು, ಸಾಬ್ರೆ. ಇದಲ್ಲ ಅದು."

ರಹಮತುಲ್ಲಾ ಹೊರಗೆ ಹೋಗಿ ಒಂದು ಕಾಯಿ ತಂದ. ಅಂಗೈಯಲ್ಲಿ ತೂಗಿ ನೋಡಿದ. "ಅಕ್ಕ, ನೀನು ಮೊದಲು ಅಲ್ಲಿಗೆ ಸೇರಿದಾಗ ಕಾಯಿ ಇಷ್ಟೇ ಇತ್ತಾ?"

ಭೈರಮ್ಮ ಕಾಯಿಯನ್ನು ತೆಗೆದುಕೊಂಡಳು. ಅವಳ ಬೆರಳುಗಳು ಅದರ ಸುತ್ತ ಹೆಚ್ಚುಕಡಿಮೆ ಕೂಡಿದವು. ಆಗ ಎರಡು ಕೈ ಬೇಕಾಗುತ್ತಿತ್ತು. ಮರಗಳಿಗೆ ನುಸಿ ಬಿದ್ದು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಕಾಯಿ ವರ್ಷ ವರ್ಷಕ್ಕೆ ಕುಗ್ಗಿತ್ತು. ಊರಿಗೆಲ್ಲ ಗೊತ್ತಿದ್ದ ಮಾತು. ಅವಳೂ ಬಸ್ಸಿನಲ್ಲಿ ನೂರು ಸಲ ಆಡಿದ ಮಾತು. ಆದರೆ ದಿನವೂ ಹಿಡಿಯುವ ಕೈಗೆ ಅದು ತಿಳಿದಿರಲಿಲ್ಲ. ತಲೆಯೊಳಗಿನ ಹದಿನಾಲ್ಕಕ್ಕಂತೂ ನುಸಿ ತಾಗಿರಲಿಲ್ಲ.

"ನಂಗಾದ್ರೂ ಹೊಳೀಬೇಕಿತ್ತು," ಎಂದ ರಹಮತುಲ್ಲಾ. "ಇಪ್ಪತ್ತು ಸಾವಿರದ ಅಟ್ಟಕ್ಕೆ ಈಗ ಮೂವತ್ತು ಹಿಡೀತದೆ ಅಂತ ನಾನೇ ಎಲ್ರ ಹತ್ರ ಹೇಳ್ತಿರ್ತೀನಿ." ಅವನು ಕಟ್ಟೆಯ ಅಂಚನ್ನು ತಟ್ಟಿದ. "ಚಿಂತೆ ಬೇಡಕ್ಕ. ಒಳಗಡೆಗೆ ಅರ್ಧ ಅಡಿ ಚಪ್ಪಡಿ ಚಾಚಿಸ್ತೀನಿ. ಅಗಲ ಆಯ್ತದೆ. ಒಂದು ದಿನದ ಕೆಲಸ."

"ಒಳಿಕ್ಕೆ ಬಂದ್ರೆ ಅದು ಜಗಲಿ. ಕಿಟ್ಕಿ ಅಲ್ಲ."

"ಹೊರಕ್ಕೆ ಹೋಗ್ಬೇಕು ಅಂದ್ರೆ ಮೂರೂ ಗೋಡೆ ತೆಗೀಬೇಕು. ಪಾಯ ಮತ್ತೆ ಅಗೀಬೇಕು."

"ಮೋರಿವರ್ಗೂ ಜಾಗ ಐತಲ್ಲ. ತೆಗೀರಿ."

ಚಿಕ್ಕರಂಗಯ್ಯ ಎದ್ದು ನಿಂತ. "ಲೇ, ಹಾಲು ಉಕ್ಕಿಸೋಕ್ ಮುಂಚೆ ಕಟ್ಟಿದ ಗ್ವಾಡೆ ಒಡೀತಾರೇನೇ? ಜನ ಏನಂದಾರು? ಬನ್ನಿ ಅಂತ ನೆಂಟ್ರಿಗೆಲ್ಲ ಹೇಳಾಯ್ತು."

"ಇನ್ನೊಂದಿನ ಬನ್ನಿ ಅನ್ನು. ದಿನ ಏನು ಓಡೋಯ್ತವಾ?"

"ಅಷ್ಟಕ್ಕೂ ಅದ್ರಲ್ಲಿ ಕೂತು ಏನ್ ಕಾಣ್ಬೇಕೇ? ಎದುರಿಗೆ ಬಸವರಾಜಪ್ಪನ ಹಿತ್ಲು. ಈ ಕಡೆ ಬಸ್ ಸ್ಟಾಪು. ಆ ಕಡೆ ಹುಣಸೆ ಮರ."

"ಅದನ್ನೇ ನೋಡ್ಬೇಕು," ಎಂದಳು ಭೈರಮ್ಮ. "ಬಸ್ ಸ್ಟಾಪಿಂದ ಹೊರಟವ್ರು ಹುಣಸೆ ಮರದವರ್ಗೂ ಹೋಗೋದು ನೋಡ್ಬೇಕು. ನಡುವೆ ಇನ್ನೊಂದು ಕಾಯಿಗೆ ಅಂತ ನೆಲಕ್ಕೆ ಕೂರ್ದಂಗೆ."

ಚಿಕ್ಕರಂಗಯ್ಯ ಜೇಬಿನಿಂದ ಬೀಡಿ ತೆಗೆದು ಹಚ್ಚಿದ. ಬಹಳ ವರ್ಷ ಜೊತೆಗಿದ್ದ ಗಂಡಂದಿರಿಗೆ ಯಾವ ಮಾತಿಗೆ ಉತ್ತರ ಕೊಡಬಾರದು ಎನ್ನುವಷ್ಟಾದರೂ ತಿಳಿದಿರುತ್ತದೆ.

ರಹಮತುಲ್ಲಾ ಟೇಪು ತೆಗೆದ. "ಸರಿ. ಒಡೀತೀನಿ. ಆದ್ರೆ ಅಳತೆ ಯಾವುದು? ಆ ಮನೆ ಇಲ್ಲ, ಹಲಗೆ ಇಲ್ಲ. ಆ ಗಾತ್ರದ ಕಾಯಿ ಹುಡುಕಿದ್ರೂ ಸಿಗಲ್ಲ. ಎಷ್ಟು ಅಂತ ಬರ್ಕೊಳ್ಳಿ?"

ಭೈರಮ್ಮ ಕಣ್ಣು ಮುಚ್ಚಿದಳು. ಆ ಹಲಗೆ ಈಗಲೂ ಕಾಣುತ್ತಿತ್ತು, ತುದಿಯಲ್ಲಿದ್ದ ಮೊಳೆಯ ಸಮೇತ. ಆದರೆ ಅದರ ಅಂಚುಗಳು ಎಲ್ಲಿ ನಿಲ್ಲುತ್ತವೆ ಎನ್ನುವುದು ಕಾಣುತ್ತಿರಲಿಲ್ಲ. ಕೈ ಚಾಚಿ ತೋರಿಸಲು ಹೋದಳು. ಒಮ್ಮೆ ಹೆಚ್ಚಾಯಿತು, ಒಮ್ಮೆ ಕಡಿಮೆಯಾಯಿತು. ಮೂವತ್ತೊಂದು ವರ್ಷ ಅದನ್ನು ಕಂಡಿದ್ದರೂ ಅವಳಿಗೆ ತಿಳಿದಿದ್ದುದು ಅದರಲ್ಲಿ ಕಾಯಿ ಎಷ್ಟು ಹಿಡಿಯುತ್ತದೆ ಎನ್ನುವುದು ಮಾತ್ರ.

ಅವಳು ಹೊರಗೆ ಬಂದಳು. ಉಬ್ಬಿನ ಮುಂದೆ, ಮೋರಿಗೂ ಗೋಡೆಗೂ ನಡುವೆ, ಜರಡಿ ಹಿಡಿದ ಮರಳನ್ನು ತೆಳ್ಳಗೆ ಹರಡಿದ್ದರು. ಸೀರೆಯ ನಿರಿಗೆ ಒತ್ತಿಕೊಂಡು ಅದರ ಮೇಲೆ ಅಡ್ಡವಾಗಿ ಕುಳಿತಳು. ಬೆನ್ನಿಗೆ ಒಂದು ಸಿಮೆಂಟು ಚೀಲ ಕೊಡಲು ಗಂಡನಿಗೆ ಹೇಳಿದಳು. ಅವನು ತಂದು ಕೊಟ್ಟ. ಒರಗಿದಳು. ಕಾಲನ್ನು ಮುಂದಕ್ಕೆ ಚಾಚಿ, ಮೊಣಕಾಲನ್ನು ಸ್ವಲ್ಪ ಮಡಿಸಿ, ಕೈಗಳನ್ನು ಅದರ ಮೇಲೆ ಹೆಣೆದಳು. ಹೀಗೆ ಕುಳಿತದ್ದು ಅವಳ ನೆನಪಿನಲ್ಲಿ ಅದೇ ಮೊದಲು. ಆದರೆ ಹೇಗೆಂದು ಮೈಗೆ ಹೇಳಿಕೊಡಬೇಕಾಗಲಿಲ್ಲ.

"ನನ್ನ ಸುತ್ತ ಗೆರೆ ಎಳೀರಿ, ಸಾಬ್ರೆ."

ಬಸ್ ಸ್ಟಾಪಿನಲ್ಲಿದ್ದವರು ತಿರುಗಿ ನೋಡಿದರು. ಬಸವರಾಜಪ್ಪ ಹಿತ್ತಿಲ ಬೇಲಿಗೆ ಬಂದು, "ಏನ್ ಚಿಕ್ಕರಂಗಣ್ಣ, ಭೈರಮ್ಮಕ್ಕನ್ನ ಅಲ್ಲೇ ಪ್ರತಿಷ್ಠೆ ಮಾಡ್ತೀರಾ?" ಎಂದು ಕೂಗಿದ.

"ನಿನ್ನ ಪೂರ್ವದ ಸೈಟು ನೋಡ್ಕೊ ಹೋಗ್ಲಾ," ಎಂದ ಚಿಕ್ಕರಂಗಯ್ಯ.

ರಹಮತುಲ್ಲಾ ಒಂದು ಇಟ್ಟಿಗೆ ಚೂರು ಹಿಡಿದು ಕುಕ್ಕರುಗಾಲಿನಲ್ಲಿ ಅವಳ ಸುತ್ತ ಬಂದ. ಬೆನ್ನಿನ ಹಿಂದೆ ನಾಲ್ಕು ಬೆರಳು ಬಿಟ್ಟ. ಪಾದದ ಮುಂದೆ ಒಂದು ಗೇಣು ಬಿಟ್ಟ. ಮಗ್ಗುಲಿಗೆ ಎಷ್ಟು ಬಿಡಲಿ ಎಂದು ಕೇಳಿದ.

"ಒಂದು ತಟ್ಟೆ ಇಡುವಷ್ಟು," ಎಂದಳು. ಸ್ವಲ್ಪ ಯೋಚಿಸಿ, "ಬ್ಯಾಡ. ಏನೂ ಇಡಕ್ಕೆ ಜಾಗ ಬಿಡಬ್ಯಾಡಿ. ನಾನೊಬ್ಳೇ" ಎಂದಳು.

ಗೆರೆ ಕೂಡಿತು. ಅವನು ಟೇಪಿನಿಂದ ಅಳೆದು, ಬರೆದುಕೊಂಡು, "ಏಳು ಅಕ್ಕ, ಆಯ್ತು" ಎಂದ. ಭೈರಮ್ಮ ಏಳಲಿಲ್ಲ. ಹುಳಿಯಾರಿನ ಕಡೆಯಿಂದ ಬಂದ ಬಸ್ಸು ನಿಂತು ಒಬ್ಬ ಹೆಂಗಸನ್ನು ಇಳಿಸಿತು. ತಲೆಯ ಮೇಲೆ ಒಂದು ಗಂಟು, ಕೈಯಲ್ಲಿ ಚಪ್ಪಲಿ. ಆ ಹೆಂಗಸು ಸ್ಟಾಪಿನಲ್ಲಿ ಯಾರನ್ನೋ ಮಾತಾಡಿಸಿದಳು, ಗಂಟು ಸರಿಮಾಡಿಕೊಂಡಳು, ಮೋರಿ ದಾಟುವಾಗ ಒಂದು ಗಳಿಗೆ ನಿಂತು ಕಾಲಿನ ಮುಳ್ಳು ತೆಗೆದಳು, ನಡೆದಳು. ಭೈರಮ್ಮನ ಎದುರಿಗೆ ಇನ್ನೂ ಗೋಡೆಯಿರಲಿಲ್ಲ, ಗಾಜಿರಲಿಲ್ಲ, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿಕೊಂಡು, ಆ ಹೆಂಗಸು ಹುಣಸೆ ಮರ ದಾಟುವವರೆಗೂ ನೋಡಿದಳು.